ಹೆಣ್ಣು ಮೊಲದ ಆಪರೇಷನ್: ಮುಂದಿನ ತಿಂಗಳಿನಿಂದ ಏನು ಬದಲಾಗುತ್ತದೆ, ಯಾಕೆ

ನಮ್ಮಲ್ಲಿಗೆ ಮೊಲಗಳನ್ನು ಕರೆತರುವ ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನಿಂದ ಹೆಣ್ಣು ಮೊಲದ ಗರ್ಭಕೋಶ ತೆಗೆಯುವ ಆಪರೇಷನ್‌ಗೆ ಫೋನಿನಲ್ಲೇ ದಿನ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಮೊದಲು ಒಮ್ಮೆ ಮೊಲವನ್ನು ತಂದು ತೋರಿಸಬೇಕು, ರಕ್ತಪರೀಕ್ಷೆ ಆಗಬೇಕು, ಆಮೇಲೆ ದಿನ ಗೊತ್ತು ಮಾಡೋಣ. ದಿನಕ್ಕೆ ಎರಡೇ ಮೊಲ. ಆಪರೇಷನ್ ಆದ ರಾತ್ರಿ ಅದು ನಮ್ಮಲ್ಲೇ ಇರುತ್ತದೆ. ಶುಲ್ಕವೂ ಹೆಚ್ಚಾಗಿದೆ. ಈ ಮಾತನ್ನು ಪತ್ರದ ಕೊನೆಗೆ ತಳ್ಳುವುದು ಸರಿ ಅನ್ನಿಸಲಿಲ್ಲ, ಅದಕ್ಕೇ ಮೊದಲೇ ಹೇಳಿದ್ದೇವೆ. ಈಗಾಗಲೇ ದಿನ ಪಡೆದವರಿಗೆ ಹಳೆಯ ಶುಲ್ಕವೇ. ಅವರ ಮೊಲವನ್ನೂ ರಾತ್ರಿ ಇಟ್ಟುಕೊಳ್ಳುತ್ತೇವೆ, ಅದಕ್ಕೆ ಬೇರೆ ಹಣ ಕೇಳುವುದಿಲ್ಲ.

ಕೆಲವು ತಿಂಗಳ ಹಿಂದೆ ಒಂದು ಮೊಲವನ್ನು ಆಪರೇಷನ್ ಆದ ಸಂಜೆಯೇ ಮನೆಗೆ ಕಳಿಸಿದೆವು. ಚೆನ್ನಾಗಿ ಎಚ್ಚರವಾಗಿತ್ತು, ಹೊಲಿಗೆಯೂ ಚೊಕ್ಕವಾಗಿತ್ತು. ಹುಲ್ಲು ಮಾತ್ರ ಮುಟ್ಟಿರಲಿಲ್ಲ. 'ಮನೆಗೆ ಹೋದರೆ ತಿನ್ನುತ್ತೆ' ಅಂದೆವು. ತಿನ್ನಲಿಲ್ಲ. ಬೆಳಿಗ್ಗೆ ವಾಪಸ್ ಕರೆತಂದಾಗ ಬುಟ್ಟಿಯ ಮೂಲೆಯಲ್ಲಿ ಮುದುಡಿಕೊಂಡು ಹಲ್ಲು ಕಡಿಯುತ್ತಿತ್ತು, ಕೆಳಗೆ ಹಾಸಿದ್ದ ಪೇಪರಿನ ಮೇಲೆ ಒಂದು ಹಿಕ್ಕೆಯೂ ಇರಲಿಲ್ಲ. ಎರಡು ದಿನ ಸಿರಿಂಜಿನಲ್ಲಿ ಉಣಿಸಿ, ನೋವಿನ ಔಷಧಿ ಕೊಟ್ಟು ಉಳಿಸಿಕೊಂಡೆವು. ತಿನ್ನುವುದು ನಿಂತರೆ ಮೊಲದ ಕರುಳೂ ನಿಲ್ಲುತ್ತದೆ, ಕರುಳು ನಿಂತರೆ ಜೀವಕ್ಕೇ ಅಪಾಯ. ಇದು ಗೊತ್ತಿದ್ದೂ ಕಳಿಸಿದ್ದು ನಮ್ಮ ತಪ್ಪು. ಆ ಮನೆಯವರು ಒಂದು ಮಾತೂ ಆಡಲಿಲ್ಲ. ಅವರಲ್ಲಿ ಆವತ್ತೇ ಕ್ಷಮೆ ಕೇಳಿದ್ದೇವೆ, ಇಲ್ಲಿ ಎಲ್ಲರೆದುರು ಇನ್ನೊಮ್ಮೆ ಕೇಳುತ್ತೇವೆ.

ಇನ್ನು, ವಾರವಿಡೀ ಕೇಳಿಬರುವ ಆ ಪ್ರಶ್ನೆ. 'ಬೆಕ್ಕಿಗಿಂತ ಚಿಕ್ಕದು, ಒಂದೂವರೆ ಕಿಲೋ ಇಲ್ಲ, ಇದಕ್ಕೆ ಬೆಕ್ಕಿನ ಆಪರೇಷನ್‌ಗಿಂತ ಜಾಸ್ತಿ ಯಾಕೆ?' ಕೆಲವರು ನಯವಾಗಿ ಕೇಳುತ್ತಾರೆ, ಕೆಲವರು ಸುಲಿಗೆ ಅಂದೇ ಬಿಡುತ್ತಾರೆ. ಆ ಮಾತು ನಮಗೆ ನೋವು ಕೊಟ್ಟಿದೆ.

ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಅರಿವಳಿಕೆ ಕೊಟ್ಟ 10,000 ನಾಯಿಗಳಲ್ಲಿ ಸತ್ತದ್ದು ಸುಮಾರು 17, ಬೆಕ್ಕುಗಳಲ್ಲಿ 24, ಮೊಲಗಳಲ್ಲಿ 139. ಆರೋಗ್ಯವಾಗಿದ್ದ ಮೊಲಗಳನ್ನಷ್ಟೇ ಲೆಕ್ಕ ಹಿಡಿದರೆ 73. ಮೊದಲೇ ತಂದು ತೋರಿಸಿ, ರಕ್ತಪರೀಕ್ಷೆ ಮಾಡಿಸಿ ಅಂತ ನಾವು ಹಟ ಹಿಡಿಯುವುದು ಈ ವ್ಯತ್ಯಾಸಕ್ಕಾಗಿ. ಅದೇ ಅಧ್ಯಯನದಲ್ಲಿ, ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸತ್ತದ್ದು ಎಲ್ಲ ಮುಗಿದ ಮೇಲೆ, ಚೇತರಿಸಿಕೊಳ್ಳುವ ಹೊತ್ತಿನಲ್ಲಿ.

ಟೇಬಲ್ಲಿನ ಮೇಲೂ ಮೊಲ ಸುಲಭದ ಪ್ರಾಣಿಯಲ್ಲ. ಬಾಯಿ ಅಗಲವಾಗಿ ತೆರೆಯುವುದಿಲ್ಲ, ನಾಲಿಗೆ ದಪ್ಪ. ಗಂಟಲಿಗೆ ಆಕ್ಸಿಜನ್ ಕೊಳವೆ ಇಳಿಸುವುದಕ್ಕೇ ಅನುಭವದ ಕೈ ಬೇಕು. ಗರ್ಭಕೋಶದ ಸುತ್ತ ಕೊಬ್ಬು ತುಂಬಿಕೊಂಡಿರುತ್ತದೆ, ವಯಸ್ಸಾದಷ್ಟೂ ಜಾಸ್ತಿ, ಅದರೊಳಗಿನ ರಕ್ತನಾಳಗಳನ್ನು ಒಂದೊಂದಾಗಿ ಹುಡುಕಿ ಕಟ್ಟಬೇಕು. ಮೈ ಬೇಗ ತಣ್ಣಗಾಗುತ್ತದೆ, ಅದಕ್ಕೆ ಬಿಸಿ ಹಾಸಿಗೆ. ಹಲ್ಲಿಗೆ ಸಿಗದ ಹಾಗೆ ಹೊಲಿಗೆಯನ್ನು ಚರ್ಮದ ಒಳಗೇ ಹಾಕಬೇಕು. ಇದಿಷ್ಟರ ಮೇಲೆ ರಾತ್ರಿಯಿಡೀ ಪಕ್ಕದಲ್ಲಿ ಕೂರುವ ಒಬ್ಬರ ಸಂಬಳ. ಹೆಚ್ಚಿಸಿದ ಹಣದ ಬಹುಪಾಲು ಈ ರಾತ್ರಿಪಾಳಿಗೇ ಹೋಗುತ್ತದೆ. ಬಿಲ್ಲಿನಲ್ಲಿ ಇಷ್ಟು ದಿನ 'ಆಪರೇಷನ್' ಅಂತ ಒಂದೇ ಸಾಲು ಬರೆಯುತ್ತಿದ್ದೆವು, ಹಾಗಾಗಿ ಅನುಮಾನ ಬಂದದ್ದು ಸಹಜ. ಇನ್ನು ಮುಂದೆ ಪ್ರತಿಯೊಂದನ್ನೂ ಬಿಡಿಸಿ ಬರೆದು ಕೊಡುತ್ತೇವೆ.

ಇಷ್ಟು ಅಪಾಯ ಇದ್ದರೆ ಆಪರೇಷನ್ ಬೇಕೇ ಅಂತ ನೀವು ಕೇಳಬಹುದು. ಮನೆಯಲ್ಲಿ ಗಂಡು ಮೊಲವೇ ಇಲ್ಲವಲ್ಲ ಅಂತಲೂ. ಎಳೆಯ, ಆರೋಗ್ಯವಂತ ಹೆಣ್ಣಿಗೆ ನಾವು ಬೇಕು ಅಂತಲೇ ಹೇಳುತ್ತೇವೆ, ಒಂಟಿಯಾಗಿ ಸಾಕಿದ್ದರೂ ಸರಿ. ಕೆಲವು ತಳಿಗಳಲ್ಲಿ 4 ವರ್ಷ ದಾಟಿದ ಹೆಣ್ಣುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಗರ್ಭಕೋಶದ ಕ್ಯಾನ್ಸರ್ ಕಂಡುಬಂದಿದೆ. ಅದು ಶ್ವಾಸಕೋಶಕ್ಕೆ ಹರಡಿದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಗಂಡಿನ ಸಹವಾಸವೇ ಇಲ್ಲದೆ ಸುಳ್ಳು ಗಬ್ಬ ಕಟ್ಟಿ, ಎದೆಯ ಕೂದಲು ಕಿತ್ತು ಗೂಡು ಮಾಡುತ್ತಾ ಕಂಗಾಲಾಗುವ ಮೊಲಗಳನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. 4ರಿಂದ 6 ತಿಂಗಳ ವಯಸ್ಸು ಒಳ್ಳೆಯ ಕಾಲ.

ವಯಸ್ಸಾಗಿದ್ದರೆ, ಹಲ್ಲಿನದೋ ಕಿಡ್ನಿಯದೋ ತೊಂದರೆ ಇದ್ದರೆ, ಬೇಡ ಅಂತ ನಾವೇ ಹೇಳಬಹುದು. ಹೊಸ ಭೇಟಿಯ ಉದ್ದೇಶವೇ ಇದನ್ನು ನಿಮ್ಮೊಂದಿಗೆ ಕೂತು ಮಾತಾಡುವುದು. ಯೋಚಿಸಿ ಬೇಡ ಅಂದರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆರು ತಿಂಗಳಿಗೊಮ್ಮೆ ಹೊಟ್ಟೆ ಮುಟ್ಟಿ ನೋಡಿಸಿಕೊಂಡು ಹೋಗಿ. ಮೂತ್ರ ಕೆಂಪಾದರೆ ತಡಮಾಡದೆ ಬನ್ನಿ. ತಿಂದ ಸೊಪ್ಪಿನ ಬಣ್ಣಕ್ಕೂ ಹಾಗಾಗುತ್ತದೆ, ರಕ್ತವೋ ಬಣ್ಣವೋ ಅಂತ ಪರೀಕ್ಷೆ ಮಾಡಿ ಹೇಳುತ್ತೇವೆ. ಜೋಡಿ ಸಾಕಿದವರು ಮರಿ ಬೇಡ ಅನ್ನುವುದಷ್ಟೇ ಆದರೆ ಗಂಡಿನ ಬೀಜ ತೆಗೆಸುವುದು ಚಿಕ್ಕ ಆಪರೇಷನ್. ಆದರೂ ಆಮೇಲೆ 4ರಿಂದ 6 ವಾರ ಎರಡನ್ನೂ ಬೇರೆ ಇಡಿ, ಮತ್ತು ಹೆಣ್ಣಿನ ಕ್ಯಾನ್ಸರ್ ಭಯ ಅದರಿಂದ ಹೋಗುವುದಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಹೊಟ್ಟೆ ಖಾಲಿ ಇಡಬೇಡಿ. ಮೊಲಕ್ಕೆ ವಾಂತಿ ಆಗುವುದಿಲ್ಲ, ನಾಯಿ ಬೆಕ್ಕಿನ ನಿಯಮ ಇದಕ್ಕಿಲ್ಲ. ಮನೆಯಲ್ಲಿ ತಿನ್ನುವ ಹುಲ್ಲನ್ನೇ ಒಂದು ಚೀಲ ತನ್ನಿ. ನೋವಿನಲ್ಲಿರುವ ಮೊಲ ಗುರುತಿನ ವಾಸನೆಗೆ ಬೇಗ ಬಾಯಿ ಹಾಕುತ್ತದೆ. ಜೊತೆಗಾರ ಮೊಲ ಇದ್ದರೆ ಅದನ್ನೂ ಕರೆತನ್ನಿ, ಪಕ್ಕದಲ್ಲಿ ಜಾಗ ಮಾಡಿದ್ದೇವೆ, ಅದಕ್ಕೆ ಹಣವಿಲ್ಲ. ಮೊದಲ ಹಿಕ್ಕೆ ಬಿದ್ದ ಕೂಡಲೇ, ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, ನಿಮಗೆ ಮೆಸೇಜ್ ಬರುತ್ತದೆ.

ಇಂತಿ,
ನಿಮ್ಮ ಮೊಲಗಳ ಚಿಕಿತ್ಸಾಲಯದ ಬಳಗ