ಊದಿದ್ದು ಎಷ್ಟು ಬಂತು?

ಲೋ ಗೆಳೆಯಾ,

ನಿನ್ನೆ ರಾತ್ರಿ ನೀನು ಕಳಿಸಿದ ಆ ದಕ್ಷಿಣ ಆಫ್ರಿಕಾದವನ ಹಳೇ ಸುದ್ದಿ ನೋಡಿದೆ. 2010ರಲ್ಲಿ ಕುಡಿದು ವ್ಯಾನ್ ಓಡಿಸಿ ಸಿಕ್ಕಿಬಿದ್ದವನು. ವ್ಯಾನಿನಲ್ಲಿ ಒಬ್ಬ ಹೆಂಗಸು, ಐದು ಹುಡುಗರು, ಹದಿನೈದು ಕುರಿ. 100 ಮಿಲಿ ರಕ್ತದಲ್ಲಿ 1,600 ಮಿಲಿಗ್ರಾಂ ಆಲ್ಕೋಹಾಲ್. ಅಲ್ಲಿನ ಮಿತಿ 50. ಕೆಳಗೆ ನೀನು, 'ನಮ್ಮ ಮಂಡ್ಯದವನಾಗಿದ್ರೆ ಪೇಟ ತೊಡಿಸಿ ಸನ್ಮಾನ ಮಾಡಿಸ್ತಿದ್ದೆ' ಅಂತ ಬರೆದಿದ್ದೆ. ನಾನೂ ನಕ್ಕೆ. ಕುರಿಗಳ ಮುಖ ನೆನೆದು ಇನ್ನೊಂಚೂರು ನಕ್ಕೆ. ಆಮೇಲೆ ಯಾಕೋ ನಿದ್ದೆ ಬರಲಿಲ್ಲ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಹೋದ ವರ್ಷ ಮಂಡ್ಯದಲ್ಲಿ ಆ ಬೀಗರೂಟ ಇತ್ತಲ್ಲ, ಅವತ್ತು ಮಧ್ಯಾಹ್ನ ನಾನು ಹಾಕಿದ್ದು ಒಂದೂವರೆ ಕ್ವಾರ್ಟರ್, ಅಂದರೆ 180 ಮಿಲಿಯದು ಒಂದೂವರೆ. ಮೂರು ಗಂಟೆಗೆಲ್ಲ ಮುಗಿಸಿದೆ. ಮುದ್ದೆ, ಮಟನ್ ಹೊಡೆದು ಶಾಮಿಯಾನದ ಕೆಳಗೆ ಎರಡು ಗಂಟೆ ಗೊರಕೆ. ಎದ್ದು ಮಜ್ಜಿಗೆ ಕುಡಿದೆ, ನಿಂಬೆಹಣ್ಣು ಚೀಪಿದೆ, ಮುಖ ತೊಳೆದೆ. ಎಣ್ಣೆ ಪೂರ್ತಿ ಇಳಿದಿದೆ ಅಂತ ದೇವರಾಣೆ ಅನ್ನಿಸಿತ್ತು ಕಣೋ. ಬೈಕನ್ನು ಹೈವೇ ಮೇಲೆ ಬಿಡೋದಿಲ್ಲವಲ್ಲ, ಸರ್ವಿಸ್ ರಸ್ತೆಯಲ್ಲೇ ಮೈಸೂರಿಗೆ ಹೊರಟೆ. ರಾತ್ರಿ ಒಂಬತ್ತಕ್ಕೆ ಶ್ರೀರಂಗಪಟ್ಟಣದ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು.

ಕವರ್ ಹರಿದು ಹೊಸ ಪೈಪ್ ಸಿಕ್ಕಿಸಿ, 'ಊದಿ ಸಾರ್, ಇನ್ನೂ ಊದಿ, ನಿಲ್ಲಿಸಬೇಡಿ' ಅಂದರು. ನಾನು ಧೈರ್ಯವಾಗಿಯೇ ಊದಿದೆ. 96 ಬಂತು, ಅದೇ 100 ಮಿಲಿ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅನ್ನೋ ಲೆಕ್ಕದಲ್ಲಿ. ನಮ್ಮಲ್ಲಿ ಮಿತಿ 30. ಮೆಷಿನ್ ಕೆಟ್ಟಿದೆ ಅಂತ ಐದು ನಿಮಿಷ ವಾದ ಬೇರೆ ಮಾಡಿದೆ, ಅದೂ ಒಳ್ಳೇ ಲಾಯರ್ ತರಹ. ಬೈಕ್ ಅಲ್ಲೇ ಉಳಿಯಿತು. ಕೋರ್ಟಿನಲ್ಲಿ 10,000 ದಂಡ ಕಟ್ಟಿ ಬಿಡಿಸಿಕೊಂಡೆ. ಎರಡನೇ ಸಲ ಸಿಕ್ಕರೆ 15,000, ಇಲ್ಲವೇ ಎರಡು ವರ್ಷದವರೆಗೆ ಜೈಲು, ಎರಡೂ ಆಗಬಹುದು. ಮನೆಯಲ್ಲಿ ಸರ್ವಿಸ್ಸಿಗೆ ಬಿಟ್ಟಿದ್ದೇನೆ ಅಂದಿದ್ದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಬಾಟಲಿ ಮೇಲೆ 42.8 ಪರ್ಸೆಂಟ್ ಅಂತ ಇರುತ್ತದಲ್ಲ, ಅದರ ಪ್ರಕಾರ ಒಂದು ಕ್ವಾರ್ಟರಿನಲ್ಲಿ 60 ಗ್ರಾಂ ಶುದ್ಧ ಆಲ್ಕೋಹಾಲ್. ನನ್ನಂಥ ಎಪ್ಪತ್ತು ಕೆಜಿ ಆಸಾಮಿಗೆ ಒಂದೂವರೆ ಹಾಕಿದರೆ 180, 190ರ ತನಕ ಏರುತ್ತದೆ. ಇಳಿಯೋದು ಗಂಟೆಗೆ ಸುಮಾರು 15, ಜಾಸ್ತಿ ಅಂದರೆ 20. ಈಗ ಆರು ಗಂಟೆಯ ಲೆಕ್ಕ ನೀನೇ ಹಾಕಿ ನೋಡು. ಮೆಷಿನ್ ಸರಿಯಾಗೇ ಇತ್ತು. ಮಜ್ಜಿಗೆ, ನಿಂಬೆಹಣ್ಣು, ಕಾಫಿ ಯಾವುದಕ್ಕೂ ಲಿವರ್ ಕಿವಿ ಕೊಡೋದಿಲ್ಲ, ಅದರ ಪಾಡಿಗೆ ಅದು ನಿಧಾನವಾಗಿ ಕೆಲಸ ಮಾಡಿಕೊಂಡಿರುತ್ತದೆ.

ಇನ್ನು ಆ 1,600ರಂಥ ಭಾರಿ ನಂಬರುಗಳು. ಕುಡಿದ ತಕ್ಷಣ ಊದಿದರೆ ಬಾಯಲ್ಲಿ ಉಳಿದಿದ್ದೂ ಸೇರಿ ಸುಳ್ಳೇ ಜಾಸ್ತಿ ತೋರಿಸುತ್ತದೆ, ಅದಕ್ಕೇ ಹದಿನೈದು ನಿಮಿಷ ಕಾಯಿಸಬೇಕು. ರಕ್ತದಲ್ಲೇ ನಿಜವಾಗಿ 300 ದಾಟಿದರೆ ನಿನ್ನಂಥವನು, ನನ್ನಂಥವನು ಎಚ್ಚರ ತಪ್ಪುವ ಹೊತ್ತು. 400 ದಾಟಿದರೆ ಉಸಿರೇ ನಿಲ್ಲಬಹುದು. ಅಷ್ಟಿಟ್ಟುಕೊಂಡು ಕೀ ತಿರುಗಿಸುತ್ತಾನೆ ಅಂದರೆ ಅವನು ಮೊದಲ ಸಲ ಕುಡಿದವನಲ್ಲ, ದಿನಾ ಕುಡಿದು ಕುಡಿದು ಮಿದುಳು ಒಗ್ಗಿಹೋಗಿದೆ, ತೂರಾಡೋದಿಲ್ಲ, ಮಾತು ತೊದಲೋದಿಲ್ಲ, ಎದುರಿಗಿದ್ದವನಿಗೆ ಗೊತ್ತೇ ಆಗೋದಿಲ್ಲ. ಆದರೆ ಎದುರಿಗೆ ಕಬ್ಬಿನ ಗಾಡಿ ಬಂದಾಗ ಕಾಲು ಬ್ರೇಕಿಗೆ ಹೋಗೋದು ತಡವೇ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಗೊತ್ತಲ್ವಾ? ನಾಲ್ಕು ಪೆಗ್ ಆದ ಮೇಲೂ ಹೆಲ್ಮೆಟ್ ಬಕಲ್ ಒಂದೇ ಸಲಕ್ಕೆ ಹಾಕಿ, 'ನಂಗೇನೂ ಏರಲ್ಲ ಮಗಾ' ಅಂತ ನಾಲೆ ಏರಿ ಮೇಲೆ ಹೊರಡುವವನು ನೀನು. ನಾವೆಲ್ಲ ಅದನ್ನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇವೆ.

ಆವತ್ತಿನ ಚೀಟಿ ಇನ್ನೂ ಪರ್ಸಿನಲ್ಲಿದೆ. ಅಕ್ಷರ ಮಾಸಿದೆ, 96 ಮಾತ್ರ ಕಾಣುತ್ತದೆ. ಭಾನುವಾರದ ಬೀಗರೂಟಕ್ಕೆ ನಾನು ಬಸ್ಸಿನಲ್ಲಿ ಬರುತ್ತೇನೆ, ತೋರಿಸುತ್ತೇನೆ. ನೀನೂ ಬೈಕ್ ಮನೆಯಲ್ಲೇ ಬಿಟ್ಟು ಬಾ. ರಾತ್ರಿ ಮೈಸೂರಿಗೆ ಬಸ್ ಹತ್ತಿದರೆ ನಮ್ಮನೆಯಲ್ಲೇ ಮಲಗಬಹುದು. ಗೊರಕೆ ಹೊಡೆದರೆ ಮಾತ್ರ ಚಾಪೆ ವರಾಂಡಕ್ಕೆ.

ಇಂತಿ ನಿನ್ನ,
96