ಟ್ಯಾಂಕಿನ ಮಾದರಿಗೆ ಇಸವಿ ಬೇಕು

ಮಾನ್ಯ ಸಂಪಾದಕರೇ,

1965ರ ಯುದ್ಧದ ಟ್ಯಾಂಕುಗಳನ್ನು ಪ್ಲಾಸ್ಟಿಕ್ ಕಿಟ್‌ಗಳಿಂದ ಜೋಡಿಸಿ ಪ್ರದರ್ಶನಕ್ಕೆ ಇಡುವವರು ಅಂಟು, ಬಣ್ಣ, ಕೆಸರಿನ ಕಲೆಗಳ ಬಗ್ಗೆ ವಹಿಸುವಷ್ಟು ಶ್ರದ್ಧೆಯನ್ನು ಇತಿಹಾಸದ ಬಗ್ಗೆಯೂ ವಹಿಸಬೇಕು. ‘ಅಸಲ್ ಉತ್ತರ್‌ನ ಪ್ಯಾಟನ್’ (ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್ ಕಾಳಗದಲ್ಲಿ ಪಾಕಿಸ್ತಾನ ಇಳಿಸಿದ ಅಮೆರಿಕದ ಟ್ಯಾಂಕು) ಎಂಬ ಚೀಟಿಯ ಹಿಂದೆ ವಿಯೆಟ್ನಾಂ ಯುದ್ಧದ, ನಂತರದ ಪ್ಯಾಟನ್ ಆದ ಎಂ48ಎ3 ನಿಂತಿದ್ದರೆ, ಬಣ್ಣ ಎಷ್ಟೇ ಚೆನ್ನಾಗಿದ್ದರೂ ನೋಡುವ ಮಗು ಕಲಿಯುವುದು ತಪ್ಪನ್ನೇ.

ಈ ತಪ್ಪಿಗೆ ಕಾರಣವಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎಂ48ಎ3 ಕಿಟ್. ಆದರೆ 1965ರ ಸೆಪ್ಟೆಂಬರ್‌ನಲ್ಲಿ ಖೇಮ್‌ಕರಣ್ ಕಡೆಯಿಂದ ನುಗ್ಗಿದ ಪಾಕಿಸ್ತಾನದ ಪ್ಯಾಟನ್‌ಗಳು ಅದಕ್ಕಿಂತ ಹಳೆಯವು: ಎಂ47 ಮತ್ತು ಆರಂಭದ ಎಂ48. ಎರಡಕ್ಕೂ ಹೆಸರು ಪ್ಯಾಟನ್, ಎರಡರ ಫಿರಂಗಿಯೂ 90 ಮಿ.ಮೀ., ಒಂದೊಂದು ಬದಿಗೆ ರೋಡ್‌ವೀಲ್ (ಟ್ರ್ಯಾಕ್ ಎಂಬ ಸರಪಳಿ ಪಟ್ಟಿಯ ಮೇಲೆ ಉರುಳುವ ದೊಡ್ಡ ಚಕ್ರ) ಆರಾರು. ವ್ಯತ್ಯಾಸ ಗೊತ್ತಾಗಬೇಕಾದರೆ ಮೊದಲು ಮೂತಿ ನೋಡಿ. ಎಂ47ರ ಒಡಲಿನ ಮುಂಭಾಗ ಮೂಲೆ ಮೂಲೆಯಾಗಿದೆ, ಅದರಲ್ಲಿ ಮೆಷಿನ್‌ಗನ್ ಉಂಟು, ಒಳಗೆ ಐವರು. ಎಂ48ರ ಮುಂಭಾಗ ದೋಣಿಯಂತೆ ಗುಂಡಾಗಿದೆ, ಅಲ್ಲಿ ಮೆಷಿನ್‌ಗನ್ ಇಲ್ಲ, ಒಳಗೆ ನಾಲ್ವರು. ಎಂ47ರ ಟರೆಟ್ (ಫಿರಂಗಿ ಹೊತ್ತು ತಿರುಗುವ ಮೇಲ್ಭಾಗ) ಮುಂದಕ್ಕೆ ಚೂಪಾಗಿ ಹಿಂದಕ್ಕೆ ಉದ್ದವಾಗಿದ್ದರೆ, ಎಂ48ರದು ಅಗಲವಾದ ಗುಮ್ಮಟ.

ಆಮೇಲೆ ಟ್ರ್ಯಾಕನ್ನು ಮೇಲಿನಿಂದ ಹೊರುವ ಸಣ್ಣ ರೋಲರ್‌ಗಳನ್ನು ಎಣಿಸಿ. ಎಂ47ಕ್ಕೆ ಬದಿಗೆ ಮೂರು, ಮೊದಲ ಎಂ48ಕ್ಕೆ ಐದು, ಎಂ48ಎ2ರಿಂದ ಮತ್ತೆ ಮೂರು. ಇಷ್ಟಕ್ಕೇ ನಿಲ್ಲುವಂತಿಲ್ಲ. ಹಳೆಯ ಗಾಡಿಗಳನ್ನೇ ತಿದ್ದಿ ಮಾಡಿದ ಕೆಲವು ಎಂ48ಎ3ಗಳಲ್ಲೂ ಐದು ರೋಲರ್ ಉಳಿದಿವೆ. ಆಗ ಫೆಂಡರ್ (ಟ್ರ್ಯಾಕಿನ ಮೇಲಿನ ತಗಡು) ಮೇಲೆ ಕಣ್ಣು ಹಾಯಿಸಿ: ದೊಡ್ಡ ಏರ್‌ಕ್ಲೀನರ್ ಪೆಟ್ಟಿಗೆಗಳಿದ್ದರೆ ಅದು ಡೀಸೆಲ್ ಎಂಜಿನ್ನಿನ ಎ3. 1965ರ ಖೇಮ್‌ಕರಣ್‌ಗೆ ಅದು ಸಲ್ಲದು. ಪೆಟ್ಟಿಗೆ ಕತ್ತರಿಸಿದರೂ ಸಾಲದು, ಎಂಜಿನ್ ಮೇಲಿನ ಮುಚ್ಚಳವೇ ಬೇರೆ. ಅದಕ್ಕಿಂತ ಸರಿಯಾದ ಕಿಟ್ ಹುಡುಕುವುದೇ ಲೇಸು.

ನಮ್ಮ ಕಡೆಯ ಬ್ರಿಟಿಷ್ ಟ್ಯಾಂಕು ಸೆಂಚೂರಿಯನ್‌ನಲ್ಲಿ ಎಡವುವುದು ನಳಿಗೆಯಲ್ಲಿ. 1965ರಲ್ಲಿ ಅದರ ಫಿರಂಗಿ 20 ಪೌಂಡರ್, ಅಂದರೆ ಸುಮಾರು 84 ಮಿ.ಮೀ. ಕಿಟ್‌ಗಳಲ್ಲಿ ಇಸ್ರೇಲಿನ 105 ಮಿ.ಮೀ. ನಳಿಗೆಯ ಆವೃತ್ತಿಯೂ ಉಂಟು. ನಳಿಗೆಯ ನಡುವೆ ಹೊಗೆ ಹೊರದೂಡುವ ಉಬ್ಬು ಸುತ್ತಲೂ ಸಮನಾಗಿದ್ದರೆ 20 ಪೌಂಡರ್, ಒಂದೇ ಬದಿಗೆ ಹೆಚ್ಚು ಉಬ್ಬಿದ್ದರೆ 105.

ಇನ್ನು ಪುರಾವೆಯ ಮಾತು. ಪ್ರದರ್ಶನಕ್ಕೆ ನಿಲ್ಲಿಸಿದ ಟ್ಯಾಂಕು ಅಳತೆಗೆ ಒಳ್ಳೆಯ ಆಧಾರ, ಇಸವಿಗೆ ಅಲ್ಲ. ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದಲ್ಲಿ ಸೋವಿಯತ್ ಟಿ-55 ಟ್ಯಾಂಕು ನಿಂತಿದೆ. ಟೇಪು, ಕ್ಯಾಮೆರಾ ಒಯ್ದು ನೋಡಬೇಕಾದದ್ದೇ. ಆದರೆ ನಮ್ಮ ಸೇನೆಯ ಟಿ-55ಗಳಿಗೆ ನಂತರ 105 ಮಿ.ಮೀ. ಫಿರಂಗಿ ಕೂರಿಸಲಾಯಿತು ಎಂಬುದನ್ನು ಮರೆಯಬಾರದು. ಮೂಲದ 100 ಮಿ.ಮೀ. ನಳಿಗೆಯ ಹೊಗೆ ಉಬ್ಬು ತುದಿಯಲ್ಲಿರುತ್ತದೆ, 105ರದು ನಡುವೆ. ಟ್ರ್ಯಾಕೂ ಸೇವೆಯ ಅವಧಿಯಲ್ಲಿ ಬದಲಾಗುವಂಥದ್ದು: ಹಳೆಯ ಬಗೆಯ ಟ್ರ್ಯಾಕಿನ ಸ್ಪ್ರಾಕೆಟ್‌ಗೆ (ಟ್ರ್ಯಾಕ್ ಎಳೆಯುವ ಹಲ್ಲುಚಕ್ರ) 13 ಹಲ್ಲು, ಕೊಂಡಿಗಳ ಕೀಲಿನಲ್ಲಿ ರಬ್ಬರ್ ಬುಷ್ ಇರುವ ಹೊಸ ಟ್ರ್ಯಾಕಿನದಕ್ಕೆ 14. ಮೈಮೇಲಿನ ಬಣ್ಣವಂತೂ ಕೊನೆಯ ಸಲ ಬಳಿದವರು ಆರಿಸಿದ್ದು.

ಕಿಟ್ಟಿನ ಅಳತೆ ಪರೀಕ್ಷಿಸಲು ವರ್ನಿಯರ್ ಕ್ಯಾಲಿಪರ್ ಸಾಕು. ಟಿ-55ರ ರೋಡ್‌ವೀಲ್ 810 ಮಿ.ಮೀ.; 1/35ರಲ್ಲಿ (ನಿಜದ 35ರಲ್ಲೊಂದು ಪಾಲಿನ ಮಾದರಿಯಲ್ಲಿ) 23.1, 1/72ರಲ್ಲಿ 11.25 ಬರಬೇಕು. ಟ್ರ್ಯಾಕಿನ ಅಗಲ 580, 1/35ರಲ್ಲಿ 16.6. ಆ ಅಳತೆಯಲ್ಲಿ ಅರ್ಧ ಮಿ.ಮೀ. ತಪ್ಪೆಂದರೆ ನಿಜದಲ್ಲಿ 17.5 ಮಿ.ಮೀ.; ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೋಟಾರು, ಬ್ಯಾಟರಿಗೆ ಜಾಗ ಮಾಡಲೆಂದು ಒಡಲನ್ನೇ ಹಿಗ್ಗಿಸಿದ ಹಳೆಯ ಕಿಟ್‌ಗಳ ವಿಷಯ ಬೇರೆ. ಅಲ್ಲಿ ತಪ್ಪು ಬರಿಗಣ್ಣಿಗೇ ಕಾಣುತ್ತದೆ. ನಕ್ಷೆ ಇಟ್ಟು ಹೋಲಿಸುವವರು ಮೊದಲು ನಕ್ಷೆಯಲ್ಲೇ ಚಕ್ರ ಅಳೆಯಲಿ. ಪ್ರಿಂಟರ್ ಹಾಳೆಗೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿರುತ್ತದೆ, ಮತ್ತೆ ಕಿಟ್ಟೇ ತಪ್ಪೆಂದು ಉಜ್ಜಲು ಕೂರುತ್ತೇವೆ.

ಓರೆಯಾಗಿ ತೆಗೆದ ಫೋಟೋದಲ್ಲಿ ಚಕ್ರ ಅಂಡಾಕಾರ ಕಾಣುತ್ತದೆ. ಅದರ ಅಡ್ಡಗಲ ಕುಗ್ಗಿರುವುದರಿಂದ ಚಕ್ರದ ಎತ್ತರವನ್ನು ಮಾತ್ರ ಅಳತೆಗೋಲು ಮಾಡಿಕೊಳ್ಳಬೇಕು, ಅದೂ ಆ ಚಕ್ರದ ನೇರಕ್ಕೇ ಇರುವ ಭಾಗಗಳ ಎತ್ತರ ತಿಳಿಯಲು. ಉದ್ದ ಬೇಕಿದ್ದರೆ ದೂರದಿಂದ ನೇರ ಬದಿಯಲ್ಲಿ ತೆಗೆದ ಚಿತ್ರವೇ ಆಗಬೇಕು. ಕಪ್ಪು-ಬಿಳುಪು ಚಿತ್ರದಿಂದ ಯಾವ ಹಸಿರು ಎಂದು ಹೇಳಲಾಗದು. ಯಾವುದು ಗಾಢ, ಯಾವುದು ತೆಳು ಎಂದಷ್ಟೇ ತಿಳಿಯುತ್ತದೆ. ಟ್ಯಾಂಕಿನ ಹೆಸರು, ನಂಬರು, ರೆಜಿಮೆಂಟಿನ ಗುರುತುಗಳನ್ನು ಅದೇ ಟ್ಯಾಂಕಿನ ಫೋಟೋ ಇಲ್ಲದೆ ಅಂಟಿಸಬಾರದು. ಫೋಟೋ ಸಿಗದಿದ್ದರೆ ಬರಿಮೈ ಬಿಡುವುದೇ ಪ್ರಾಮಾಣಿಕ ಕೆಲಸ.

ಹಾಗಾಗಿ ಮಾದರಿಯ ಚೀಟಿಯಲ್ಲಿ ಟ್ಯಾಂಕಿನ ಪೂರ್ಣ ಹೆಸರು, ಇಸವಿ, ಸ್ಥಳ, ಆಧಾರವಾದ ಫೋಟೋ ಎಲ್ಲಿಯದು ಎಂಬ ನಾಲ್ಕು ಸಾಲು ಬರೆಯುವ ರೂಢಿ ಬರಲಿ. ತಮ್ಮಲ್ಲೂ ಒಂದು ವಿನಂತಿ. 1965, 1971ರ ಹಳೆಯ ಚಿತ್ರಗಳನ್ನು ಪುನಃ ಪ್ರಕಟಿಸುವಾಗ ಬರೀ ‘ಪ್ಯಾಟನ್ ಟ್ಯಾಂಕ್’ ಎನ್ನದೆ ಅಂದಿನ ಮೂಲ ಅಡಿಬರಹ, ದಿನಾಂಕ, ಊರನ್ನೂ ಕೊಡಿ. ಜಾಗ ಸಾಲದೆ ಕತ್ತರಿಸಬೇಕಾದರೆ ಆಕಾಶವನ್ನು ಕತ್ತರಿಸಿ, ಚಕ್ರ ಮತ್ತು ರೋಲರ್‌ಗಳನ್ನು ಉಳಿಸಿ.

— ಮಾದರಿ ತಯಾರಿಕೆಯ ಹವ್ಯಾಸಿ, ಮೈಸೂರು