ಸಿಗ್ನಲ್ ಬಿದ್ದರೆ ಬಾಯಿ ಬಿಡು, ಪುಟ್ಟವ್ವ

ನವನಗರ, ಬಾಗಲಕೋಟೆ

ಚಿ. ಪುಟ್ಟವ್ವನಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಬರುವ ಸೋಮವಾರದಿಂದ ನೀನು ಬೆಳಗಾವಿಯಲ್ಲಿ ನ್ಯೂರೋ ಮಾನಿಟರಿಂಗ್, ಅಂದರೆ ಆಪರೇಷನ್ ನಡೆಯುವಾಗ ಮಷಿನ್‌ನಲ್ಲಿ ನರಗಳ ಸಿಗ್ನಲ್ ಕಾಯುವ ಕೆಲಸಕ್ಕೆ ಸೇರುತ್ತೀ ಅಂತ ನಿಮ್ಮವ್ವ ಹೇಳಿದಳು. ಕೇಳಿ ಕಣ್ಣು ತುಂಬಿ ಬಂತು. 31 ವರ್ಷ ಓಟಿಯಲ್ಲಿ ಅನಸ್ತೇಶಿಯಾ ಟೆಕ್ನಿಷಿಯನ್ ಆಗಿ ನಿಂತವನು ನಾನು. ನಿನಗೆ ಬಂಗಾರ ಕೊಡಲಿಕ್ಕೆ ಆಗದು, ಕಂಡದ್ದನ್ನಾದರೂ ಹೇಳುತ್ತೇನೆ.

ನಾನು ಕೆಲಸ ಶುರು ಮಾಡಿದಾಗ ನಿನ್ನ ಮಷಿನ್ ನಾವಿದ್ದ ಕಡೆ ಇರಲಿಲ್ಲ. ಬೆನ್ನು ಸೊಟ್ಟಗಾದ ಮಕ್ಕಳಿಗೆ ಸ್ಕ್ರೂ, ರಾಡ್ ಹಾಕಿ ನೆಟ್ಟಗೆ ಮಾಡುವಾಗ ಬೆನ್ನುಹುರಿಗೆ ಪೆಟ್ಟಾಯಿತಾ ಅಂತ ತಿಳಿಯಲು ನಮಗಿದ್ದದ್ದು ಒಂದೇ ದಾರಿ. ಆಪರೇಷನ್ ನಡುವೆ ಮಗುವನ್ನು ಎಬ್ಬಿಸಬೇಕು. 1973ರಲ್ಲಿ ಫ್ರಾನ್ಸಿನ ಸ್ಟಗ್ನಾರಾ ಮತ್ತು ಅವರ ಜೊತೆಗಾರರು ಬರೆದ ಪರೀಕ್ಷೆ ಅದು. ಮಗು ಬೋರಲಾಗಿ ಮಲಗಿದೆ, ಬೆನ್ನು ತೆರೆದಿದೆ, ಗಂಟಲಲ್ಲಿ ಟ್ಯೂಬ್ ಇದೆ. ಡಾಕ್ಟರು ನಿದ್ದೆಯ ಔಷಧ ಇಳಿಸುತ್ತಾರೆ. ನಾನು ಹಸಿರು ಬಟ್ಟೆಯ ಕೆಳಗೆ ತೂರಿ, ಎರಡೂ ಕಾಲಿನ ಹೆಬ್ಬೆರಳು ಹಿಡಿದು ಕೂರುತ್ತಿದ್ದೆ. ಮೊದಲು ಕೈ ಹಿಂಡಲು ಹೇಳುವುದು, ಆಮೇಲೆ ಕಾಲು ಆಡಿಸಲು. ಒಮ್ಮೆ ಹೊರಗಿನಿಂದ ಬಂದ ಡಾಕ್ಟರು "ಪಾದ ಚಲಿಸು" ಅಂತ ಮೂರು ಸಲ ಹೇಳಿದರು. ಬಾದಾಮಿ ಕಡೆಯ ಹಳ್ಳಿ ಹುಡುಗಿ, ಅಲುಗಲೇ ಇಲ್ಲ. ನಾನು ಕೆಳಗಿನಿಂದಲೇ "ಕಾಲ ಅಳ್ಳಾಡಸವ್ವಾ" ಅಂದೆ. ನನ್ನ ಬೆರಳುಗಳ ನಡುವೆ ಅವಳ ಎರಡೂ ಹೆಬ್ಬೆರಳು ಮಿಸುಕಿದವು. ಆ ಮಿಸುಕಾಟ ಇವತ್ತಿಗೂ ನನ್ನ ಕೈಯಲ್ಲಿದೆ.

ಆದರೆ ಅದು ಆ ಒಂದು ಗಳಿಗೆಯ ಸುದ್ದಿ ಅಷ್ಟೆ. ಮುಂದಿನ ಎರಡು ತಾಸು ಮತ್ತೆ ಕತ್ತಲೆ. ನೀನು ಆ ಎರಡು ತಾಸೂ ಕಣ್ಣಿಟ್ಟು ಕೂರುವವಳು.

ಎಸ್‌ಎಸ್‌ಇಪಿ ಅಂದರೆ ಕೈಕಾಲಿನಿಂದ ಮಿದುಳಿಗೆ ಏರುವ ಸಿಗ್ನಲ್ ಅಳೆಯುವ ಪರೀಕ್ಷೆ, ಅದನ್ನು ನಿನಗೆ ಹೇಳಿಕೊಡಬೇಕಿಲ್ಲ. ಪಾದದ ಗಂಟಿನ ಒಳಬದಿಯ ನರಕ್ಕೆ ಕರೆಂಟ್ ಕೊಟ್ಟರೆ ಸುಮಾರು 40 ಮಿಲಿಸೆಕೆಂಡಿನಲ್ಲಿ ಅದು ನೆತ್ತಿ ಮುಟ್ಟುತ್ತದೆ. ಅಲ್ಲಿ ಸಿಗುವುದು ಒಂದೆರಡು ಮೈಕ್ರೋವೋಲ್ಟ್. ಅದಕ್ಕೇ ನೂರಾರು ಸಲ ಕೊಟ್ಟು ಸರಾಸರಿ ತೆಗೆಯುವುದು. ಸಿಗ್ನಲ್ ಅಲೆಯ ಎತ್ತರ ಅರ್ಧಕ್ಕೆ ಇಳಿದರೆ, ಇಲ್ಲವೇ ಶೇ. 10ರಷ್ಟು ತಡವಾದರೆ ಎಚ್ಚರಿಕೆ ಕೊಡಬೇಕು. ಆದರೆ ಆ ಸಿಗ್ನಲ್ ಹೋಗುವುದು ಬೆನ್ನುಹುರಿಯ ಹಿಂಬದಿಯಿಂದ. ಕಾಲು ಆಡಿಸುವ ದಾರಿಯೇ ಬೇರೆ, ಅದಕ್ಕೆ ರಕ್ತ ಬಹುಪಾಲು ಮುಂಬದಿಯ ರಕ್ತನಾಳದಿಂದ ಬರುತ್ತದೆ. ಹಿಂದಿನದು ಚೆನ್ನಾಗಿದ್ದು ಮುಂದಿನದು ಕೆಟ್ಟಿರಬಹುದು, ಅಲ್ವಾ? 1980ರಲ್ಲಿ ಇಂಗ್ಲೆಂಡಿನ ಮರ್ಟನ್, ಮಾರ್ಟನ್ ಇಬ್ಬರು ಬುರುಡೆಯ ಮೇಲಿಂದಲೇ ಕರೆಂಟ್ ಕೊಟ್ಟು ಕೈ ಅಲುಗಿಸಿ ತೋರಿಸಿದ ಮೇಲೆ ಎಂಇಪಿಗೆ, ಅಂದರೆ ಮಿದುಳಿನಿಂದ ಸ್ನಾಯುವಿಗೆ ಇಳಿಯುವ ಸಿಗ್ನಲ್ ಅಳೆಯುವ ಪರೀಕ್ಷೆಗೆ, ದಾರಿಯಾಯಿತು. ಎರಡನ್ನೂ ಹಾಕು. ಒಂದರ ಮೇಲೆ ಭಾರ ಹಾಕಿ ಕೂರಬೇಡ.

ಎಂಇಪಿ ಕೊಟ್ಟಾಗ ದವಡೆ ಗಟ್ಟಿಯಾಗಿ ಕಚ್ಚುತ್ತದೆ. ಗಾಜ್ ಬಟ್ಟೆಯ ಸುರುಳಿ ಎರಡೂ ಬದಿಯ ದವಡೆ ಹಲ್ಲಿನ ನಡುವೆ ಕೂತಿದೆಯಾ, ನಾಲಿಗೆ ಒಳಗಿದೆಯಾ ಅಂತ ಬೋರಲು ಹಾಕಿದ ಮೇಲೆ ನೀನೇ ಬಗ್ಗಿ ನೋಡು. ಇನ್ನೊಬ್ಬರು ನೋಡಿದ್ದಾರೆ ಅಂತ ಬಿಡಬೇಡ. ನಾಲಿಗೆ ಸೀಳಿದ್ದನ್ನು ನಾನು ಕಂಡಿದ್ದೇನೆ.

ಈಗ ನಾನು ಯಾರಿಗೂ ಹೇಳದ ಒಂದು ಮಾತು. ಯಾವ ಆಸ್ಪತ್ರೆ ಅಂತ ಬೇಡ. 13 ವರ್ಷದ ಹುಡುಗ, ಬೆನ್ನಿನ ಕೇಸು. ಮಾನಿಟರಿಂಗ್‌ಗೆ ನಿನ್ನ ವಯಸ್ಸಿನದೇ ಹುಡುಗಿ. ಬೆಳಿಗ್ಗೆ ಯಾರೋ ಅವಳಿಗೆ ಹೇಳದೆ ರಿಲ್ಯಾಕ್ಸೆಂಟ್ ಕೊಟ್ಟುಬಿಟ್ಟರು. ಸ್ನಾಯು ಸಡಿಲವಾದ ಮೇಲೆ ಎಂಇಪಿ ಎಲ್ಲಿಂದ ಬರಬೇಕು? ಕೈ, ಕಾಲಿನ ಸಿಗ್ನಲ್ ಎಲ್ಲ ಒಟ್ಟಿಗೆ ಹೋಯಿತು. ಅವಳು ಕೂಗಿ ಹೇಳಿದಳು, ಸರ್ಜನ್ ಕೆಲಸ ನಿಲ್ಲಿಸಿದರು. ಕಾರಣ ತಿಳಿದ ಮೇಲೆ ಬೈಗುಳ ತಿಂದವಳು ಅವಳೇ.

ಎರಡು ತಾಸಿನ ಮೇಲೆ ರಾಡ್ ಬಿಗಿಯುವಾಗ ಎಡಗಾಲಿನ ಸಿಗ್ನಲ್ ಬಿತ್ತು. ಕೈ ಎರಡೂ ಸರಿಯಿದ್ದವು, ಬಲಗಾಲೂ ಸರಿಯಿತ್ತು. ಬೆಳಗಿನ ಬೈಗುಳಕ್ಕೆ ಹೆದರಿದ ಹುಡುಗಿ ಸುಮ್ನೆ ಬಗ್ಗಿ ಸೂಜಿ ನೋಡಿದಳು, ವೈರ್ ನೋಡಿದಳು, ಮತ್ತೆ ಕೊಟ್ಟು ನೋಡಿದಳು. ಎಂಟು ನಿಮಿಷ ಹೋಯಿತು. ನಾನು ಏನು ಮಾಡುತ್ತಿದ್ದೆ ಗೊತ್ತಾ? ಬಿಪಿಯ ಮೀನ್, ಅಂದರೆ ಸರಾಸರಿ, 58ಕ್ಕೆ ಇಳಿದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಡಾಕ್ಟರು ನೋಡಿರುತ್ತಾರೆ ಬಿಡು ಅಂದುಕೊಂಡೆ. ಕೊನೆಗೆ ಅವಳು "ಸರ್, ಎಡಗಾಲು ಬರ್ತಾ ಇಲ್ಲ" ಅಂದಳು. ಆಮೇಲೆ ಎಲ್ಲ ಬೇಗ ನಡೆಯಿತು. ರಾಡ್ ಸಡಿಲಿಸಿದರು, ಬೆಚ್ಚಗಿನ ಸಲೈನ್ ಹಾಕಿದರು, ಮೀನ್ 85 ದಾಟಿಸಿದರು. 20 ನಿಮಿಷಕ್ಕೆ ಸಿಗ್ನಲ್ ಅರ್ಧದಷ್ಟು ಮರಳಿತು. ಹುಡುಗ ಎರಡು ತಿಂಗಳು ಎಡಗಾಲು ಎಳೆದು ನಡೆದ, ಆಮೇಲೆ ಸರಿಹೋದ. ಆ ಎಂಟು ನಿಮಿಷದಲ್ಲಿ ನನ್ನ ಪಾಲೂ ಇದೆ ಪುಟ್ಟವ್ವ.

ಅದಕ್ಕೇ ಹೇಳುವುದು. ಸಿಗ್ನಲ್ ಬಿದ್ದ ಕೂಡಲೇ ಬಾಯಿ ಬಿಡು, ಆಮೇಲೆ ವೈರ್ ಹುಡುಕು. ಗುಳೇದಗುಡ್ಡದಲ್ಲಿ ನಿನ್ನ ಅಜ್ಜ ಖಣ ನೇಯುವಾಗ ಎಳೆ ಹರಿದರೆ ಲಾಳಿ ಅಲ್ಲೇ ನಿಲ್ಲುತ್ತಿತ್ತು. ಯಾಕೆ ಹರಿಯಿತು ಅನ್ನುವುದು ನಂತರದ ಮಾತು. "ಎಡಗಾಲು ಬಿದ್ದಿದೆ, ಕೈ ಸರಿಯಿದೆ, ನೋಡ್ತಾ ಇದ್ದೀನಿ" ಅಂತ ಇಷ್ಟು ಹೇಳಿದರೆ ಸಾಕು, ಸರ್ಜನ್ ಕೈ ನಿಲ್ಲುತ್ತದೆ. ಎಲ್ಲ ಕಡೆ ಒಟ್ಟಿಗೆ ಬಿದ್ದರೆ ಔಷಧ, ಬಿಪಿ, ಮೈಯ ತಂಪು, ವೈರ್ ಇವನ್ನು ಮೊದಲು ನೋಡು. ಕೈ ಉಳಿದು ಕಾಲು ಮಾತ್ರ ಬಿದ್ದರೆ ಸರ್ಜನ್ ಈಗಷ್ಟೇ ಏನು ಮಾಡಿದರು ಕೇಳು.

ಅನಸ್ತೇಶಿಯಾ ಡಾಕ್ಟರ ಜೊತೆ ಬೆಳಿಗ್ಗೆ ಚಹಾ ಕುಡಿಯುವಾಗಲೇ ಮಾತಾಡಿಕೋ. ನಿದ್ದೆಯ ಗ್ಯಾಸ್ ಜಾಸ್ತಿ ಆದರೆ ಎಂಇಪಿ ಕುಗ್ಗುತ್ತದೆ, ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಮೇಲೆ ನಡೆಸುತ್ತೀರಾ, ರಿಲ್ಯಾಕ್ಸೆಂಟ್ ಟ್ಯೂಬ್ ಹಾಕುವಾಗ ಮಾತ್ರವೇ ಅಂತ ಬಾಯಿಬಿಟ್ಟು ಕೇಳು. ಬೇಸ್‌ಲೈನ್ (ಹೋಲಿಸಲು ಮೊದಲೇ ತೆಗೆದಿಡುವ ಸಿಗ್ನಲ್) ಅಂಗಾತ ಇದ್ದಾಗಲೇ ಒಂದು ತೆಗಿ, ಬೋರಲು ಹಾಕಿದ ಮೇಲೆ ಇನ್ನೊಂದು. ತೋಳು ಜಾಸ್ತಿ ಮೇಲಕ್ಕೆ ಎಳೆದಿದ್ದರೆ ಕೈಯ ಸಿಗ್ನಲ್ ಆಗಲೇ ಕುಂದುತ್ತದೆ. ತೋಳು ಇಳಿಸಿದರೆ ಮುಗಿಯಿತು, ಒಂದು ಕೈ ಉಳಿಯಿತು. ಥೈರಾಯ್ಡ್ ಕೇಸಿನಲ್ಲಿ ಧ್ವನಿಯ ನರ, ಕಿವಿಯ ಕೇಸಿನಲ್ಲಿ ಮುಖದ ನರ, ಅವನ್ನೂ ಕಲಿ.

"ಇದೆಲ್ಲ ಸುಮ್ನೆ ಖರ್ಚು" ಅನ್ನುವವರು ಸಿಗುತ್ತಾರೆ. 1995ರಲ್ಲಿ ಅಮೆರಿಕದ ಸರ್ಜನ್‌ಗಳ 51,263 ಬೆನ್ನಿನ ಆಪರೇಷನ್‌ಗಳ ಸಮೀಕ್ಷೆ ಬಂತು. ಅನುಭವ ಇದ್ದ ಮಾನಿಟರಿಂಗ್ ತಂಡಗಳಲ್ಲಿ ನರದ ತೊಂದರೆ, ಅನುಭವ ಕಡಿಮೆ ಇದ್ದವರಿಗಿಂತ ಅರ್ಧಕ್ಕೂ ಕಡಿಮೆ ಇತ್ತು. ಮಷಿನ್ ಎಲ್ಲರ ಹತ್ತಿರವೂ ಒಂದೇ ಥರದ್ದು. ವ್ಯತ್ಯಾಸ ಅದರ ಮುಂದೆ ಕೂತವರದ್ದು.

ಓಟಿಯಲ್ಲಿ ಚಳಿ ಜಾಸ್ತಿ, ಒಳಗೊಂದು ತುಂಬುತೋಳಿನದು ಹಾಕಿಕೋ. ನಿಮ್ಮವ್ವನ ಕೈಯಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಮೊದಲ ಕೇಸು ಮುಗಿದ ದಿನ ಎಷ್ಟು ಹೊತ್ತಾದರೂ ಫೋನ್ ಮಾಡು. ಎದ್ದ ಮೇಲೆ ಪೇಷಂಟ್ ಕಾಲು ಅಳ್ಳಾಡಿಸಿದರಾ ಅನ್ನುವುದನ್ನು ಮೊದಲು ಹೇಳು, ಉಳಿದದ್ದು ಆಮೇಲೆ.

ಇಂತಿ ನಿನ್ನ
ಮಾಮಾ